ಮುಂಬಯಿಯ ಮೂವತ್ತೊಂಬತ್ತು ನಿಮಿಷ

1906ರ ಜನವರಿ 1ರಿಂದ ಇಡೀ ಇಂಡಿಯಾಕ್ಕೆ ಒಂದೇ ವೇಳೆ ಎಂದು ಬ್ರಿಟಿಷ್ ಸರ್ಕಾರ ಗೊತ್ತುಮಾಡಿತು. ಅದರಂತೆ ಮುಂಬಯಿಯ ಗಡಿಯಾರಗಳು 39 ನಿಮಿಷ ಮುಂದಕ್ಕೆ ಹೋಗಬೇಕು. ಅದೇನು ಮಹಾ, ಮುಳ್ಳು ತಿರುಗಿಸಿದರಾಯಿತಲ್ಲ ಎನ್ನಬಹುದು. ಆದರೆ ಸೂರ್ಯ ಹಳೆಯ ಹೊತ್ತಿಗೇ ಹುಟ್ಟುತ್ತಾನೆ. ಗಿರಣಿಯ ಕೂಗು ಮಾತ್ರ ಅಷ್ಟು ಮೊದಲೇ! ಗಿರಣಿಗೆ ಹೋಗುವವರು ಕತ್ತಲಲ್ಲೇ ಏಳಬೇಕು. ಅವರಿಗೆ ರೊಟ್ಟಿ ಬಡಿದು ಕಟ್ಟಿಕೊಡುವವಳು ಅದಕ್ಕೂ ಮೊದಲು. ಅವಳೂ ಗಿರಣಿಯವಳೇ ಆದರೆ ಕೇಳುವುದೇ ಬೇಡ. ಆ ತಿಂಗಳೇ ಒಂದು ಗಿರಣಿಯ ಸಾವಿರಾರು ಕೆಲಸಗಾರರು ರೊಚ್ಚಿಗೆದ್ದರು. ಅದು ಬರೀ ಹಟವೆಂದು ನನಗನಿಸುವುದಿಲ್ಲ. ಕಳೆದದ್ದು ಅವರ ನಿದ್ದೆ. ನಗರಸಭೆಯೂ ಅದೇ ವರ್ಷ ಹಳೆಯ ವೇಳೆಗೆ ಮರಳಿತು. ರೈಲಿಗೊಂದು ವೇಳೆ, ಊರಿಗೊಂದು ವೇಳೆ. ಸ್ವಾತಂತ್ರ್ಯ ಬಂದ ಮೇಲೂ ಮುಂಬಯಿ ತನ್ನ ವೇಳೆಯನ್ನು ಬಿಟ್ಟುಕೊಡಲಿಲ್ಲ, ಬಿಟ್ಟದ್ದು 1955ರಲ್ಲಿ.