ಶೂಲೆಯಿಂದ ಗುಳಿಗೆಗೆ: ಹೊಯ್ಸಳ ಸೀಮೆಯಲ್ಲಿ ನೋವುಶಮನದ ಚರಿತ್ರೆ

ಅರಸೀಕೆರೆಯ ಸಂತೆಗೆ ಬಂದವರು ಔಷಧದಂಗಡಿಯ ಮುಂದೆ ನಿಂತು ಕೇಳುವುದು ಹೆಚ್ಚಾಗಿ ಇಷ್ಟೇ: "ಮೈಕೈ ನೋವಿಗೆ ಎರಡು ಮಾತ್ರೆ ಕೊಡಿ." ಅದೇ ಜನ ಮನೆಯಲ್ಲಿ ಸೆಳೆತ, ಚಳುಕು, ಸಿಡಿತ, ಉರಿ, ಜೋಮು ಎಂದು ಬಿಡಿಸಿ ಹೇಳುತ್ತಾರೆ. ಮಾತಿನಲ್ಲಿರುವ ಈ ವಿಂಗಡಣೆ ಮಾತ್ರೆಯ ಬಳಕೆಗೆ ಯಾಕೆ ಇಳಿಯಲಿಲ್ಲ ಎಂಬುದೇ ಇಲ್ಲಿನ ಪ್ರಶ್ನೆ.

ಉತ್ತರಕ್ಕೆ ಹೊಯ್ಸಳರ ಕಾಲದಿಂದಲೇ ಹೊರಡೋಣ. ಬೇಲೂರಿನ ಚೆನ್ನಕೇಶವ 1117ರಲ್ಲಿ ಪ್ರತಿಷ್ಠೆಗೊಂಡ. ಹಳೇಬೀಡಿನ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿ 1133ರದು. ಸುಮಾರು ಅದೇ ಕಾಲದಲ್ಲಿ, 12ನೆಯ ಶತಮಾನದ ನಡುವೆ, ಕವಿ ಜಗದ್ದಳ ಸೋಮನಾಥ ಜೈನ ಆಚಾರ್ಯ ಪೂಜ್ಯಪಾದರ ವೈದ್ಯಗ್ರಂಥವನ್ನು 'ಕರ್ಣಾಟಕ ಕಲ್ಯಾಣಕಾರಕ'ವಾಗಿ ಕನ್ನಡಕ್ಕೆ ತಂದ. ಜೈನಮತಕ್ಕೆ ತಕ್ಕಂತೆ ಅದರ ಚಿಕಿತ್ಸೆಯಲ್ಲಿ ಮದ್ಯ, ಮಾಂಸ, ಮಧು ಮೂರೂ ವರ್ಜ್ಯ. ಇದನ್ನು ಬರಿಯ ಆಚಾರದ ಸಂಗತಿ ಎಂದು ದಾಟಿಹೋಗುವಂತಿಲ್ಲ. ನೋವು ತಾಳಲಾರದ ರೋಗಿಗೆ ಶಸ್ತ್ರಕರ್ಮದ ಮೊದಲು ತೀಕ್ಷ್ಣ ಮದ್ಯ ಕುಡಿಸಬೇಕೆಂದು ಪ್ರಾಚೀನ ಶಸ್ತ್ರವೈದ್ಯ ಸುಶ್ರುತ ಹೇಳಿದ್ದ. ಆ ಒಂದು ದಾರಿಯನ್ನು ಕನ್ನಡದ ಈ ಪರಂಪರೆ ತಾನಾಗಿಯೇ ಮುಚ್ಚಿಕೊಂಡು ಗಿಡಮೂಲಿಕೆಯನ್ನೇ ನೆಚ್ಚಿತು ಎಂಬುದು ನನ್ನ ಊಹೆ.

ಆಯುರ್ವೇದಕ್ಕೆ ನೋವಿನ ಬೇರು ವಾತ. ಬೆನ್ನು ಹಿಡಿದರೆ ಇಂದಿಗೂ "ವಾಯು" ಎನ್ನುತ್ತೇವೆ. ಲಕ್ಕಿಸೊಪ್ಪು ಕುದಿಸಿದ ಬಿಸಿನೀರನ್ನು ಮಂಡಿಗೆ ಹೊಯ್ದುಕೊಳ್ಳುತ್ತೇವೆ.

ಗುಳಿಗೆಯ ಕಾಲ ಬಂದದ್ದು ಆಮೇಲೆ: ಆಸ್ಪಿರಿನ್ 1899ರಲ್ಲಿ ಮಾರುಕಟ್ಟೆಗೆ ಬಂತು. ಊತ ತರುವ ಪ್ರೋಸ್ಟಗ್ಲಾಂಡಿನ್ ತಯಾರಿಯನ್ನು ಅದು ತಡೆಯುತ್ತದೆ ಎಂದು ಔಷಧವಿಜ್ಞಾನಿ ಜಾನ್ ವೇನ್ ತೋರಿಸಿದ್ದು 1971ರಲ್ಲಿ. ಡೈಕ್ಲೊಫಿನಾಕ್, ಐಬುಪ್ರೊಫೇನ್ ಇದೇ ಕುಲದವು: ಉಳುಕಿಗೆ, ಕೀಲುವಾತಕ್ಕೆ ಸರಿ, ಜಠರಕ್ಕೂ ಮೂತ್ರಪಿಂಡಕ್ಕೂ ಭಾರ. 2006ರ ಚಿಕೂನ್‌ಗುನ್ಯಾದಲ್ಲಿ ರಾಜ್ಯದಲ್ಲೇ 7 ಲಕ್ಷಕ್ಕೂ ಮಿಕ್ಕಿ ಶಂಕಿತ ಪ್ರಕರಣಗಳು ದಾಖಲಾದವು. ಜ್ವರ ಬಿಟ್ಟರೂ ಕೀಲು ಬಿಡಲಿಲ್ಲ. ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಇಂಥ ಜ್ವರದಲ್ಲಿ ಆಸ್ಪಿರಿನ್ ಸಲ್ಲದು, ರಕ್ತಸ್ರಾವದ ಭಯ, ಪ್ಯಾರಾಸಿಟಮಾಲೇ ಮೇಲು.

ನರದ ನೋವಿನ ಜಾತಿಯೇ ಬೇರೆ. ಸಕ್ಕರೆ ಕಾಯಿಲೆಯವರ ಪಾದದ ಉರಿ, ಸರ್ಪಸುತ್ತು ವಾಸಿಯಾದ ಮೇಲೂ ಉಳಿಯುವ ಚುಚ್ಚು ಈ ಮಾತ್ರೆಗಳಿಗೆ ಅಷ್ಟಾಗಿ ಬಗ್ಗುವುದಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಖಿನ್ನತೆಗೆಂದು ಬಂದ ಅಮಿಟ್ರಿಪ್ಟಿಲಿನ್, ಅಪಸ್ಮಾರಕ್ಕೆಂದು ಬಂದ ಗ್ಯಾಬಾಪೆಂಟಿನ್.

ಕ್ಯಾನ್ಸರ್ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಮೂರು ಮೆಟ್ಟಿಲ ಕ್ರಮ ಹಾಕಿಕೊಟ್ಟಿತು. ಮೇಲಿನ ಮೆಟ್ಟಿಲು ಮಾರ್ಫಿನ್. ಅದರ ಹಿಂದಿನ ವರ್ಷವೇ ಬಂದ ನಮ್ಮ ಮಾದಕವಸ್ತು ಕಾಯ್ದೆ ಆಸ್ಪತ್ರೆಗಳನ್ನು ಪರವಾನಗಿಯ ಸರಮಾಲೆಗೆ ಸಿಕ್ಕಿಸಿತು. ಅಫೀಮು ಬೆಳೆದು ಹೊರದೇಶಕ್ಕೆ ಕಳಿಸುವ ನಾಡಿನಲ್ಲೇ ರೋಗಿಗೆ ಮಾರ್ಫಿನ್ ಸಿಗದಂತಾದದ್ದು ಆಡಳಿತದ ಸೋಲು, ವೈದ್ಯಶಾಸ್ತ್ರದ್ದಲ್ಲ. 2014ರ ತಿದ್ದುಪಡಿ ಗಂಟನ್ನು ಸಡಿಲಿಸಿತು. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ, ಕೊನೆಗಾಲದ ಆರೈಕೆಗೆ ಕರುಣಾಶ್ರಯ ಇವೆ. ನಮ್ಮ ಸೀಮೆಯ ಹಾಸನದಲ್ಲಾದರೋ ವೈದ್ಯಕೀಯ ಕಾಲೇಜು ತೆರೆದದ್ದೇ 2006ರಲ್ಲಿ.

ವೈದ್ಯರೆದುರು ಕೂತಾಗ "ನೋವು" ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಉರಿಯೋ, ಸೆಳೆತವೋ, ಜೋಮೋ, ಮನೆಯಲ್ಲಿ ಹೇಳುವ ಹಾಗೆಯೇ ಹೇಳಿ.