ದುಂಡು ಟೋಪಿಯ ವಸಂತ

ಚಳಿನಾಡಿನ ನಗರಗಳಲ್ಲಿ ಮರ ಚಿಗುರುವ ಮೊದಲೇ ಬೀದಿಯ ಉಡುಪು ವಸಂತವನ್ನು ಸಾರುತ್ತದೆ. ತುಪ್ಪುಳಿನ ನಿಲುವಂಗಿ ಪೆಟ್ಟಿಗೆ ಸೇರುತ್ತದೆ. ಹಗುರವಾದ ಉಡುಪು ಹೊರಬರುತ್ತದೆ. ಆದರೆ ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ನಗರಕ್ಕೆ 1801ರ ವಸಂತ ಬಂದ ಬಗೆಯೇ ಬೇರೆ.

1703ರಲ್ಲಿ ಈ ನಗರಕ್ಕೆ ಅಡಿಗಲ್ಲನ್ನಿಟ್ಟ ಮಹಾ ಪೀಟರನು ಗಡ್ಡಕ್ಕೂ ತೆರಿಗೆ ವಿಧಿಸಿ, ಶ್ರೀಮಂತರಿಗೂ ಪಟ್ಟಣಿಗರಿಗೂ ಐರೋಪ್ಯ ಉಡುಪನ್ನು ಕಡ್ಡಾಯಗೊಳಿಸಿದವನು. ಅವನ ಮರಿಮಗ ಪಾಲ್ 1796ರಲ್ಲಿ ಪಟ್ಟವೇರಿದಾಗ ಐರೋಪ್ಯ ಉಡುಪೇ ಅಪಾಯವಾಗಿ ಕಂಡಿತು. ಫ್ರಾನ್ಸಿನ ಕ್ರಾಂತಿಯ ಗಾಳಿ ಉಡುಪಿನ ಜೊತೆಗೇ ಒಳನುಗ್ಗೀತೆಂಬ ಭೀತಿಯಿಂದ ಅವನು ದುಂಡು ಟೋಪಿ, ಬಾಲದ ಕೋಟು, ವೇಸ್ಟ್‌ಕೋಟುಗಳನ್ನು ನಿಷೇಧಿಸಿದ. ಆಜ್ಞೆ ಮೀರಿದವರ ಟೋಪಿಯನ್ನು ಪೋಲೀಸರು ನಡುಬೀದಿಯಲ್ಲೇ ಕಿತ್ತುಕೊಳ್ಳುತ್ತಿದ್ದರು.

1801ರ ಮಾರ್ಚಿಯ ಒಂದು ರಾತ್ರಿ, ಹೊಸದಾಗಿ ಕಟ್ಟಿಸಿದ್ದ ತನ್ನ ಅರಮನೆಯಲ್ಲೇ ಪಾಲ್ ಕೊಲೆಯಾದ. ಮಗ ಅಲೆಕ್ಸಾಂಡರ್ ದೊರೆಯಾದ. ಹೊಸ ಆಜ್ಞೆಗೆ ಕಾಯದೆ, ಒಡನೆಯೇ ದುಂಡು ಟೋಪಿಗಳು ಬೀದಿಗಿಳಿದವು. ಅಲ್ಲಿ ನೇವಾ ನದಿಯ ಹಿಮ ಒಡೆಯುವುದು ಸಾಮಾನ್ಯವಾಗಿ ಏಪ್ರಿಲಿನಲ್ಲಿ; ಆ ವರ್ಷ ಬೀದಿ ಅದನ್ನು ಕಾಯಲಿಲ್ಲ.

ಇಷ್ಟಕ್ಕೂ ಅದು ಯಾರ ವಸಂತ ಎಂಬುದನ್ನು ನಾವು ಕೇಳಲೇಬೇಕು. ಪೀಟರನ ಉಡುಪಿನ ಕಟ್ಟಳೆಯಿಂದ ರೈತರಿಗೆ ವಿನಾಯಿತಿಯಿತ್ತು. ಕುರಿದೊಗಲಿನ ಅಂಗಿ ತೊಟ್ಟ ಜೀತದ ರೈತ ಯಾವ ಟೋಪಿ ಧರಿಸಬೇಕೆಂಬ ಚಿಂತೆ ಅರಸನಿಗಿರಲಿಲ್ಲ. ಆ ರೈತನ ಮೈಯೇ ಒಡೆಯನ ಸೊತ್ತಾಗಿತ್ತು. ಬೀದಿಯಲ್ಲಿ ಟೋಪಿಗಳು ಮೆರೆದ ಆ ದಿನವೂ ಅವನ ಬಾಳು ಹಾಗೆಯೇ ಇತ್ತು. ಅವನ ಬಿಡುಗಡೆಯ ಶಾಸನವನ್ನು ಸಾರಿದ್ದು 60 ವರ್ಷಗಳ ಅನಂತರ, 1861ರ ಇನ್ನೊಂದು ಮಾರ್ಚಿಯಲ್ಲಿ.