ಮೂವತ್ತೆರಡು ಬೋರಿನ ಹಾದಿ

ಕೈಬಂದೂಕಿಗೆ ಹೊಸದಾಗಿ ಲೈಸೆನ್ಸ್ ಪಡೆದವರು ಈಚೆಗೆ ಒಂದೇ ಬಗೆಯ ಪ್ರಶ್ನೆ ಹೊತ್ತು ಬರುತ್ತಾರೆ. ಗ್ಲಾಕ್ ಮೇಲೋ ಸಿಗ್ ಸಾವರ್ ಮೇಲೋ? ಮ್ಯಾಗಜಿನ್‌ನಲ್ಲಿ ಎಷ್ಟು ಗುಂಡು ಹಿಡಿಯಬೇಕು? ಎದುರಾಳಿಯನ್ನು ತಡೆಯಲು ಒಂಬತ್ತು ಎಂಎಂ ಸಾಕೇ? ಇವೆಲ್ಲ ಅಮೆರಿಕದ ವಿಡಿಯೊಗಳು ಕಲಿಸಿದ ಪ್ರಶ್ನೆಗಳು. ಅಲ್ಲಿನ ಹಲವು ರಾಜ್ಯಗಳಲ್ಲಿ ಪರ್ಮಿಟ್ ಕೂಡ ಇಲ್ಲದೆ ಪಿಸ್ತೂಲನ್ನು ಅಂಗಿಯೊಳಗೆ ಇಟ್ಟುಕೊಂಡು ಓಡಾಡಬಹುದು. ನಮ್ಮಲ್ಲಿ ಆಯ್ಕೆ ಶುರುವಾಗುವುದು ಅಂಗಡಿಯಲ್ಲಲ್ಲ, ಶಸ್ತ್ರ ನಿಯಮಗಳ ಮೊದಲ ಅನುಸೂಚಿಯಲ್ಲಿ. ಅದನ್ನು ಓದದೆ ಕೇಳಿದ ಪ್ರಶ್ನೆಗೆ ಉತ್ತರವೂ ಇರುವುದಿಲ್ಲ. ರೇಂಜಿನಲ್ಲಿ ಕಲಿತು, ಆಮೇಲೆ ಅಲ್ಲೇ ಕಲಿಸುತ್ತ ಬಂದ ನನ್ನಂಥವರಿಗೆ ಬೇಸರ ತರುವುದು ಇನ್ನೊಂದು ಸಂಗತಿ: ಈ ದೇಶದಲ್ಲಿ ಕೈಬಂದೂಕಿನ ಆಯ್ಕೆಗೆ ತನ್ನದೇ ಆದ ಚರಿತ್ರೆಯಿದೆ, ಕನ್ನಡದಲ್ಲಿ ಅದನ್ನು ಯಾರೂ ಒಂದೆಡೆ ಇಟ್ಟು ಹೇಳಿಲ್ಲ.

ಆರಂಭದ ಕಥೆಯನ್ನು ಬೇಗ ಮುಗಿಸಬಹುದು. 1857ರ ನಿಶ್ಶಸ್ತ್ರೀಕರಣದ ಬಿಸಿ ಎಂಥದ್ದೆಂದು ಹಲಗಲಿ ಬೇಡರ ಕಥೆ ಕೇಳಿದವರಿಗೆ ಬಿಡಿಸಿ ಹೇಳಬೇಕಿಲ್ಲ. 1861ರಲ್ಲಿ ಕೊಡವರಿಗೆ ಅದರಿಂದ ವಿನಾಯಿತಿ ಸಿಕ್ಕಿತು. ಅದು ಇಂದಿಗೂ ಉಳಿದಿದೆ, ಈಗಿನ ಅಧಿಸೂಚನೆ 2029ರವರೆಗೆ ನಡೆಯುತ್ತದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಕೈಲ್‌ಪೊಳ್ದ್ ಹಬ್ಬದ ದಿನ ತೆಂಗಿನಕಾಯಿಗೆ ಗುರಿಯಿಡುವ ಆ ಪರಂಪರೆ ಉದ್ದ ನಳಿಗೆಯದು, ಸೊಂಟದ ಆಯುಧದ್ದಲ್ಲ. 1878ರಲ್ಲಿ ವೈಸರಾಯ್ ಲಿಟ್ಟನ್ ತಂದ ಶಸ್ತ್ರ ಕಾಯ್ದೆ ಯುರೋಪಿಯನ್ನರನ್ನು ಹೊರಗಿಟ್ಟು ಭಾರತೀಯರಿಗೆ ಮಾತ್ರ ಲೈಸೆನ್ಸ್ ಹೇರಿತು. ವೆಬ್ಲಿ ರಿವಾಲ್ವರ್ ಸಾಹೇಬರ ಸೊಂಟದಲ್ಲಿತ್ತು. ಕ್ರಾಂತಿಕಾರಿಗಳ ಕೈಗೆ ಬಂದದ್ದು ಕಳ್ಳದಾರಿಯ ಪಿಸ್ತೂಲುಗಳು. 1931ರಲ್ಲಿ ಅಲಹಾಬಾದಿನ ಪಾರ್ಕಿನಲ್ಲಿ ಚಂದ್ರಶೇಖರ ಆಜಾದರ ಕೈಯಲ್ಲಿದ್ದ ಕೋಲ್ಟ್ ಅಲ್ಲಿನ ಮ್ಯೂಸಿಯಂನಲ್ಲಿದೆ. ಅದು ಮೂವತ್ತೆರಡು ಬೋರಿನದು.

ಸ್ವಾತಂತ್ರ್ಯ ಬಂದ ಮೇಲೆ 1959ರ ಶಸ್ತ್ರ ಕಾಯ್ದೆ ಬಂತು, 1962ರ ಅಕ್ಟೋಬರ್ 1ರಿಂದ ಜಾರಿಯಾಯಿತು. ಇಲ್ಲಿಂದ ಮುಂದಿನದನ್ನು ನಿಧಾನವಾಗಿ ಓದಬೇಕು. ಬೋರ್‌ಗಳನ್ನು ನಿಷೇಧಿತ ಮತ್ತು ಅನಿಷೇಧಿತ ಎಂದು ವಿಂಗಡಿಸಿದ್ದು ಗುಂಡಿನ ಬಲ ನೋಡಿ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಸೇನೆ ಮತ್ತು ಪೊಲೀಸರ ಕಾಡತೂಸು ಯಾವ ಆಯುಧದೊಳಗೆ ಕೂರುತ್ತದೋ ಆ ಆಯುಧ ನಾಗರಿಕರಿಗೆ ಇಲ್ಲ. ಸರ್ಕಾರಿ ಉಗ್ರಾಣದಿಂದ ಕದ್ದ ಗುಂಡು ಹೊರಗೆ ಉಪಯೋಗಕ್ಕೆ ಬರಬಾರದೆಂಬ ಬ್ರಿಟಿಷರ ಕಾಲದ ಲೆಕ್ಕ ಅದು. ಹಾಗಾಗಿ .455, ರಿಮ್ ಇರುವ .380, ಸರ್ವಿಸ್ ಒಂಬತ್ತು ಎಂಎಂ ನಿಷೇಧಿತವಾದವು. ಅವುಗಳಿಗಿಂತ ಜೋರಾಗಿ ಹೊಡೆಯುವ .357 ಮ್ಯಾಗ್ನಮ್, ಅಮೆರಿಕದ .45 ಎರಡೂ ಅನಿಷೇಧಿತ ಪಟ್ಟಿಯಲ್ಲೇ ಉಳಿದವು. ಕಾಗದದ ಮೇಲೆ ಅವು ಸಿಗುತ್ತವೆ, ಗುಂಡು ಹುಡುಕಲು ಹೊರಟಾಗ ಮಾತ್ರ ಸಿಗುವುದಿಲ್ಲ. ಕೊನೆಗೆ ಉಳಿಯುವುದು ಎರಡು ಕಾಡತೂಸುಗಳು. ಒಂದು ರಿವಾಲ್ವರಿನ .32 ಸ್ಮಿತ್ ಆಂಡ್ ವೆಸನ್ ಲಾಂಗ್, ಇನ್ನೊಂದು ಪಿಸ್ತೂಲಿನ .32 ಎಸಿಪಿ, ಅಂದರೆ ಬ್ರೌನಿಂಗ್ ರೂಪಿಸಿದ 7.65 ಎಂಎಂ. ಎರಡೂ ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳವು. ಶಕ್ತಿಯಲ್ಲಿ ಇವು ಒಂಬತ್ತು ಎಂಎಂನ ಸುಮಾರು ಮೂರನೇ ಒಂದು ಪಾಲು.

1980ರ ದಶಕದ ನಡುಭಾಗದವರೆಗೆ ಆಮದಿನ ಮಾಲು ಅಂಗಡಿಗಳಿಗೆ ಬರುತ್ತಿತ್ತು. ವಾಲ್ಥರ್ ಪಿಪಿ, ವೆಬ್ಲಿ ಆಂಡ್ ಸ್ಕಾಟ್, ಸ್ಪೇನಿನ ಲಾಮಾ, ಆಸ್ಟ್ರಾ. ಆಮದು ನಿಂತ ಮೇಲೆ ದೇಶದೊಳಗೆ ಇದ್ದದ್ದೇ ಕೈಯಿಂದ ಕೈಗೆ ತಿರುಗತೊಡಗಿತು, ಬೆಲೆ ಲಕ್ಷಗಳಿಗೆ ಏರಿತು. ಹಳೆಯ ಜರ್ಮನ್ ಪಿಸ್ತೂಲೆಂದರೆ ಅರ್ಧ ಆಸ್ತಿ ಎಂಬ ಭಾವನೆ ಆಗ ಹುಟ್ಟಿದ್ದು. ಎಷ್ಟೋ ಜನ ಸವೆದ ನಳಿಗೆಗೆ, ದಣಿದ ಸ್ಪ್ರಿಂಗಿಗೆ, ಬಿಡಿಭಾಗವೇ ಸಿಗದ ಯಂತ್ರಕ್ಕೆ ಆ ಬೆಲೆ ಕೊಟ್ಟರು. ಆಯುಧದ ಬದಲು ಅದರ ಮೇಲಿನ ಮುದ್ರೆಗೆ ಹಣ ಕೊಡುವ ಈ ಚಟ ನಮ್ಮ ಕ್ಷೇತ್ರಕ್ಕೆ ಮಾಡಿದ ಹಾನಿ ಸಣ್ಣದಲ್ಲ.

1990ರ ದಶಕದಲ್ಲಿ ಸರ್ಕಾರಿ ಆರ್ಡ್‌ನೆನ್ಸ್ ಕಾರ್ಖಾನೆಯ .32 ರಿವಾಲ್ವರ್ ನಾಗರಿಕರ ಕೈಗೆ ಬಂತು. ಕಾನ್ಪುರದ್ದು, ವೆಬ್ಲಿಯ ಮಾರ್ಕ್ ನಾಲ್ಕರ ಮೈಕಟ್ಟು, ಆರು ಗುಂಡು. ನನ್ನ ತಲೆಮಾರು ಬೆಳೆದದ್ದು ಇದರ ಜೊತೆಗೆ. ಎಡಬದಿಯ ಸನ್ನೆಯನ್ನು ಹೆಬ್ಬೆರಳಿನಿಂದ ಒತ್ತಿ ನಳಿಗೆಯನ್ನು ಕೆಳಗೆ ಮಡಚಿದರೆ, ನಡುವಿನ ನಕ್ಷತ್ರಾಕಾರದ ಹಲ್ಲು ಮೇಲೆದ್ದು ಆರೂ ಖಾಲಿ ಕೋಶಗಳನ್ನು ಒಟ್ಟಿಗೆ ಎತ್ತಿ ಹೊರಹಾಕುತ್ತದೆ. ಒಳಗೆ ಗುಂಡಿದೆಯೋ ಇಲ್ಲವೋ ಎಂಬುದು ಒಂದೇ ನೋಟಕ್ಕೆ ಕಾಣುತ್ತದೆ. ಮನೆಯಲ್ಲಿ ಮಕ್ಕಳಿರುವವರಿಗೆ ಇದಕ್ಕಿಂತ ದೊಡ್ಡ ಗುಣ ಬೇರೆ ಬೇಕಿಲ್ಲ. ಅದರ ದೋಷ ಟ್ರಿಗರ್. ಡಬಲ್ ಆಕ್ಷನ್‌ನಲ್ಲಿ ಎಳೆತ ಭಾರ, ಉದ್ದ. ಪಳಗದ ಬೆರಳು ಎಳೆದಾಗ ನಳಿಗೆ ಬಲಗೈಯವರಿಗೆ ಎಡಕ್ಕೂ ಕೆಳಕ್ಕೂ ಜಾರುತ್ತದೆ. ಬಂಗಾಳದ ಕಾರ್ಖಾನೆಯ ‘ಅಶನಿ’ ಪಿಸ್ತೂಲು .32 ಎಸಿಪಿಯದು. ತೆಳ್ಳಗಿದೆ, ಅಂಗಿಯೊಳಗೆ ಉಬ್ಬು ಕಾಣುವುದಿಲ್ಲ, ಆ ಕಾರಣಕ್ಕೇ ಅನೇಕರು ಅದನ್ನು ಆರಿಸಿದರು.

ರಿವಾಲ್ವರೋ ಪಿಸ್ತೂಲೋ ಎಂಬ ಹಳೆಯ ತರ್ಕದಲ್ಲಿ ನಾವು ರೇಂಜಿನವರು ರಿವಾಲ್ವರ್ ಪಕ್ಷದವರು. ಅದಕ್ಕೆ ಕಾರಣ ಕಾಯ್ದೆಯಲ್ಲೇ ಇದೆ. ಲೈಸೆನ್ಸಿನಲ್ಲಿ ವರ್ಷಕ್ಕೆ ಇಂತಿಷ್ಟೇ ಗುಂಡು ಎಂದು ಬರೆದಿರುತ್ತದೆ. ಬಹುಪಾಲು ಜನರ ಪುಸ್ತಕದಲ್ಲಿ ಅದು ಒಂದು ಬೆಳಗಿನ ಅಭ್ಯಾಸಕ್ಕೂ ಸಾಲದು. ಅಭ್ಯಾಸವಿಲ್ಲದ ಕೈಯಲ್ಲಿ ಪಿಸ್ತೂಲಿನ ಒಂದು ಗುಂಡು ಹಾರದೇ ಹೋದರೆ ಸ್ಲೈಡ್ ಎಳೆದು ಸರಿಪಡಿಸಬೇಕು. ಗಾಬರಿಯಲ್ಲಿ ಆ ಚಲನೆ ತಾನಾಗಿ ಬರುವುದು ನೂರಾರು ಬಾರಿ ಮಾಡಿದವರಿಗೆ ಮಾತ್ರ. ರಿವಾಲ್ವರಿನಲ್ಲಿ ಮತ್ತೊಮ್ಮೆ ಟ್ರಿಗರ್ ಎಳೆದರೆ ಮುಂದಿನ ಗುಂಡು ಎದುರಿಗೆ ಬರುತ್ತದೆ. ಟ್ರಿಗರಿನ ಭಾರವನ್ನು ಪಳಗಿಸಲು ಗುಂಡೇ ಬೇಡ. ಪರೀಕ್ಷಿಸಿ ಖಾಲಿ ಮಾಡಿದ ರಿವಾಲ್ವರಿನಲ್ಲಿ ಡಮ್ಮಿ ತುಂಬಿ, ಗಟ್ಟಿ ಗೋಡೆಯತ್ತ ಹಿಡಿದು, ಗುರಿಮೊನೆ ಅಲುಗದ ಹಾಗೆ ದಿನಾ ಎಳೆದರೆ ಕೈ ತಾನೇ ಕಲಿಯುತ್ತದೆ. ಗುಂಡಿಗೆ ಬರವಿರುವ ದೇಶದಲ್ಲಿ ಕಡಿಮೆ ಗುಂಡಿನಲ್ಲಿ ಕಲಿಯಬಲ್ಲ ಆಯುಧವನ್ನೇ ಆರಿಸಬೇಕು ಎಂಬುದು ಈ ಪಂಥದ ವಾದ. ನಾನು ಈಗಲೂ ಅದನ್ನೇ ಹೇಳುತ್ತೇನೆ.

ಮೂವತ್ತೆರಡು ಬೋರನ್ನು ಆಟಿಕೆ ಎನ್ನುವವರು ಇನ್ನೊಂದು ಸಂಗತಿ ತಿಳಿಯಬೇಕು. 25 ಮೀಟರ್ ಸೆಂಟರ್ ಫೈರ್ ಸ್ಪರ್ಧೆಯಲ್ಲಿ ಜಗತ್ತಿನ ಶ್ರೇಷ್ಠ ಗುರಿಕಾರರು ಹೆಚ್ಚಾಗಿ ನಂಬುವುದು ಇದೇ .32 ಲಾಂಗ್ ಕಾಡತೂಸನ್ನು, ಚಪ್ಪಟೆ ಮೂತಿಯ ವ್ಯಾಡ್‌ಕಟರ್ ರೂಪದಲ್ಲಿ. ಜಸ್ಪಾಲ್ ರಾಣಾ 1994ರ ಹಿರೋಷಿಮಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದದ್ದು, 2006ರ ದೋಹಾದಲ್ಲಿ 590 ಅಂಕದೊಂದಿಗೆ ವಿಶ್ವದಾಖಲೆ ಸರಿಗಟ್ಟಿದ್ದು ಈ ಸ್ಪರ್ಧೆಯಲ್ಲೇ. ಆತ್ಮರಕ್ಷಣೆ ಬೇರೆ, ಸ್ಪರ್ಧೆ ಬೇರೆ, ನಿಜ. ಆದರೆ ದುರ್ಬಲ ಗುಂಡಿಗೆ ಉಳಿದಿರುವ ಒಂದೇ ಪರಿಹಾರ ನಿಖರತೆ. ಆ ನಿಖರತೆ ಈ ಕಾಡತೂಸಿನಲ್ಲಿ ತುಂಬಿ ತುಳುಕುತ್ತದೆ, ಕೊರತೆಯಿರುವುದು ಹಿಡಿದ ಕೈಯಲ್ಲಿ.

ಮರೆಯಲ್ಲಿ ಒಯ್ಯುವುದು ಹಿಂದೆ ಅಭಿರುಚಿಯ ವಿಷಯವಾಗಿತ್ತು, 2016ರ ಶಸ್ತ್ರ ನಿಯಮಗಳ ನಂತರ ಅದು ಕಡ್ಡಾಯ. ಸಾರ್ವಜನಿಕ ಜಾಗದಲ್ಲಿ ಕೈಬಂದೂಕು ಮೈಗೆ ಕಟ್ಟಿದ ಹೋಲ್‌ಸ್ಟರಿನಲ್ಲೋ ಬೆನ್ನುಚೀಲದಂಥ ಚೀಲದಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ಒಯ್ಯುವವನ ಹತೋಟಿಯಲ್ಲಿರಬೇಕು. ಮದುವೆ ಮೆರವಣಿಗೆಯಲ್ಲಿ ಎತ್ತಿ ತೋರಿಸುವ ಚಾಳಿಗೆ ಇದೇ ತಕ್ಕ ಉತ್ತರ. 2019ರ ತಿದ್ದುಪಡಿ ಸಂಭ್ರಮದ ಗುಂಡು ಹಾರಿಸುವುದನ್ನು ಪ್ರತ್ಯೇಕ ಅಪರಾಧ ಮಾಡಿತು, ಒಬ್ಬರಿಗೆ ಮೂರರ ಬದಲು ಎರಡೇ ಆಯುಧ ಎಂದಿತು, ಲೈಸೆನ್ಸಿನ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ಮೊದಲನೆಯದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ.

ಆದರೆ ಮರೆಯಲ್ಲಿ ಒಯ್ಯುವ ಬಗ್ಗೆ ನಮ್ಮ ಉಡುಪಿಗೆ, ನಮ್ಮ ಹವೆಗೆ ಹೊಂದುವ ಬರಹ ಇಲ್ಲವೇ ಇಲ್ಲ. ಅಮೆರಿಕದ ಸಲಹೆಗಳು ದಪ್ಪ ಬೆಲ್ಟು, ಜೀನ್ಸು, ಜಾಕೆಟ್ಟು ಇದೆ ಎಂದು ಊಹಿಸಿಕೊಂಡಿವೆ. ಪಂಚೆ ಉಟ್ಟ ಅಡಿಕೆ ವ್ಯಾಪಾರಿಗೆ, ಸೀರೆ ಉಟ್ಟ ವೈದ್ಯೆಗೆ ಅವು ಕೆಲಸಕ್ಕೆ ಬಾರವು. ಪಂಚೆಯ ಒಳಗೆ ಅಗಲವಾದ ಬಟ್ಟೆಯ ಪಟ್ಟಿ ಬಿಗಿದು ಅದಕ್ಕೆ ಹೋಲ್‌ಸ್ಟರ್ ಹೊಲಿಸಿದರೆ ಮಾತ್ರ ಭಾರ ನಿಲ್ಲುತ್ತದೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮಳೆಗಾಲದಲ್ಲಿ ಚರ್ಮ ತೇವ ಹೀರಿ ಊದಿಕೊಳ್ಳುತ್ತದೆ. ಚರ್ಮದ ಕುಣಿಕೆಯಲ್ಲಿ ತಿಂಗಳುಗಟ್ಟಲೆ ಬಿಟ್ಟ ಹಿತ್ತಾಳೆ ಕಾಡತೂಸುಗಳ ಮೈಮೇಲೆ ಹಸಿರು ಕಿಲುಬು ಕಟ್ಟುತ್ತದೆ. ಅಂಥ ಗುಂಡು ರಿವಾಲ್ವರಿನ ಕೋಣೆಯಲ್ಲಿ ಪೂರ್ತಿ ಕೂರುವುದಿಲ್ಲ, ಸಿಲಿಂಡರ್ ತಿರುಗದೆ ನಿಲ್ಲುತ್ತದೆ. ಹಿಡಿಕೆಯ ಮರದ ಹಲಗೆ ಬಿಚ್ಚಿ ನೋಡಿದರೆ ಮೈಬೆವರಿನ ತುಕ್ಕು ಅಡಗಿ ಕುಳಿತಿರುತ್ತದೆ. ತಿಂಗಳಿಗೊಮ್ಮೆ ಹಲಗೆ ತೆಗೆದು ಎಣ್ಣೆ ಸವರುವುದು ಯಾವ ಬೋರ್ ಎಂಬ ಚರ್ಚೆಗಿಂತ ಹೆಚ್ಚು ಫಲ ಕೊಡುತ್ತದೆ.

ಈಚಿನ ವರ್ಷಗಳಲ್ಲಿ ಹೊಸ ಹೆಸರುಗಳು ಬಂದವು. 2014ರ ಜನವರಿಯಲ್ಲಿ, ದೆಹಲಿಯ ನಿರ್ಭಯಾಳ ನೆನಪಿನಲ್ಲಿ ಹೆಸರಿಟ್ಟು, ಹೆಣ್ಣುಮಕ್ಕಳಿಗೆಂದು ‘ನಿರ್ಭೀಕ್’ ರಿವಾಲ್ವರ್ ಹೊರತಂದರು. ತೂಕ ಅರ್ಧ ಕಿಲೋಗಿಂತ ತುಸು ಹೆಚ್ಚು, ಆಗಿನ ಬೆಲೆ 1,22,360 ರೂಪಾಯಿ. ಆ ಬೆಲೆಗೆ ರಾತ್ರಿ ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಯಾವ ಹೆಣ್ಣುಮಗಳು ಅದನ್ನು ಕೊಳ್ಳಬಲ್ಲಳು? ಇನ್ನೊಂದು ತೊಡಕು ಯಂತ್ರದ್ದು. ಆಯುಧ ಹಗುರವಾದಷ್ಟೂ ಭಾರದ ಟ್ರಿಗರ್ ಅದನ್ನು ಗುರಿಯಿಂದ ಸುಲಭವಾಗಿ ಎಳೆದುಬಿಡುತ್ತದೆ, ಹಾಗಾಗಿ ಹಗುರ ರಿವಾಲ್ವರಿಗೆ ಹೆಚ್ಚು ಅಭ್ಯಾಸ ಬೇಕು, ಕಡಿಮೆಯಲ್ಲ. ಕಾಲು ಕಿಲೋ ತೂಕದ .22 ಬೋರಿನ ‘ನಿಡರ್’ ಅಗ್ಗವಾಗಿತ್ತು, ಅದರ ಬಗ್ಗೆ ಹೆಚ್ಚು ಹೇಳಲು ಏನಿಲ್ಲ. 2020ರಲ್ಲಿ ವೆಬ್ಲಿ ಆಂಡ್ ಸ್ಕಾಟ್ ಹೆಸರಿನ .32 ರಿವಾಲ್ವರ್ ಉತ್ತರ ಪ್ರದೇಶದ ಹರ್ದೋಯ್ ಜಿಲ್ಲೆಯ ಸಂಡೀಲಾದಲ್ಲಿ ತಯಾರಾಗತೊಡಗಿತು. 2023ರ ಆಗಸ್ಟ್‌ನಲ್ಲಿ ಕಾನ್ಪುರದ ಸರ್ಕಾರಿ ಕಂಪನಿ ‘ಪ್ರಬಲ್’ ಬಿಡುಗಡೆ ಮಾಡಿತು. ಅದರ ಸಿಲಿಂಡರ್ ಪಕ್ಕಕ್ಕೆ ತೆರೆಯುತ್ತದೆ, ನಳಿಗೆ 76 ಮಿಲಿಮೀಟರ್, ತೂಕ ಸುಮಾರು 700 ಗ್ರಾಂ. ಮಡಚುವ ಚೌಕಟ್ಟಿಗಿಂತ ಒಂದೇ ತುಂಡಿನ ಚೌಕಟ್ಟು ಗಟ್ಟಿ ಎಂಬುದು ಜಗತ್ತು ಒಂದು ಶತಮಾನದಿಂದ ಬಲ್ಲ ಸಂಗತಿ. ತಡವಾದರೂ ಇದು ಒಳ್ಳೆಯ ಹೆಜ್ಜೆ. ಐವತ್ತು ಮೀಟರ್ ದೂರಕ್ಕೆ ಹೊಡೆಯುತ್ತದೆ ಎಂಬ ಪ್ರಚಾರ ಮಾತ್ರ ಬೇಡವಾಗಿತ್ತು. ಆತ್ಮರಕ್ಷಣೆಯ ಸಂದರ್ಭ ಬರುವುದು ಒಂದು ಕೋಣೆಯ ಅಗಲದಲ್ಲಿ. ಐವತ್ತು ಮೀಟರ್ ದೂರದಲ್ಲಿರುವವನಿಂದ ತಪ್ಪಿಸಿಕೊಂಡು ಹೋಗಬಹುದಾದರೆ ಹೋಗಬೇಕೆಂದು ನಾವು ಕಲಿಸುತ್ತೇವೆ.

ನ್ಯಾಯಾಲಯಗಳ ದಾರಿ ಅಂಕುಡೊಂಕು. 1993ರಲ್ಲಿ ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಅನಿಷೇಧಿತ ಆಯುಧ ಹೊಂದುವ ಹಕ್ಕು ಸಂವಿಧಾನದ 21ನೇ ವಿಧಿಯೊಳಗೆ ಬರುತ್ತದೆ ಎಂದರು, ಅದು ನಿಲ್ಲಲಿಲ್ಲ. 2023ರಲ್ಲಿ ನ್ಯಾಯಮೂರ್ತಿಗಳಾದ ಕೆ.ಎಂ. ಜೋಸೆಫ್ ಮತ್ತು ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಲೈಸೆನ್ಸಿಲ್ಲದ ಆಯುಧಗಳ ಹಾವಳಿಯನ್ನು ತಾನೇ ಕೈಗೆತ್ತಿಕೊಂಡಾಗ, ಅಮೆರಿಕದಂಥ ಹಕ್ಕು ಇಲ್ಲಿಲ್ಲ ಎಂಬುದನ್ನು ನೆನಪಿಸಿತು. ಈ ನಿಲುವು ಸರಿ ಎಂದೇ ನನ್ನ ಎಣಿಕೆ. ಲೈಸೆನ್ಸ್ ಕಷ್ಟಕ್ಕೆ ಸಿಗಬೇಕು.

ಸಿಕ್ಕ ಮೇಲೆ ಏನು ಎಂಬುದನ್ನು ಕಾನೂನು ಯೋಚಿಸಿಲ್ಲ. 2016ರ ನಿಯಮಗಳು ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಕೇಳುತ್ತವೆ. ಅದು ಒಳ್ಳೆಯ ಆರಂಭ, ಒಮ್ಮೆ ಮುಗಿಸಿದರೆ ಅಲ್ಲಿಗೇ ಮುಗಿಯಿತು. ನಮ್ಮ ಜಿಲ್ಲೆಗಳ ಬಹುತೇಕ ಶೂಟಿಂಗ್ ಕ್ಲಬ್ಬುಗಳಲ್ಲಿ ಇರುವುದು ಏರ್‌ಗನ್ನಿನ ಹತ್ತು ಮೀಟರ್ ಅಂಕಣ. ಸೆಂಟರ್ ಫೈರ್ ಗುಂಡು ತಡೆಯುವ ಮಣ್ಣದಿಬ್ಬ ಬೇಕೆಂದರೆ ದೂರದ ಊರಿಗೆ ಹೋಗಬೇಕು. ಚುನಾವಣೆ ಬಂದರೆ ಆಯುಧ ಠಾಣೆ ಸೇರುತ್ತದೆ, ವಾಪಸ್ ಬಂದ ಮೇಲೂ ಮುಟ್ಟದೆ ಕಪಾಟಿನಲ್ಲಿ ಉಳಿಯುತ್ತದೆ. ಅಭ್ಯಾಸದ ಗುಂಡನ್ನು ರಕ್ಷಣೆಯ ಗುಂಡಿನ ಲೆಕ್ಕದಿಂದ ಬೇರ್ಪಡಿಸಿ, ರೇಂಜಿನಲ್ಲೇ ಕೊಂಡು, ಅಲ್ಲೇ ಹಾರಿಸಿ, ಖಾಲಿ ಕೋಶಗಳನ್ನು ಅಲ್ಲೇ ಒಪ್ಪಿಸಿ ಬರುವ ವ್ಯವಸ್ಥೆ ಮಾಡಿದರೆ ಒಂದು ಗುಂಡೂ ಹೊರಗೆ ಹೋಗುವುದಿಲ್ಲ. ಐದು ವರ್ಷಕ್ಕೊಮ್ಮೆ ನವೀಕರಣಕ್ಕೆ ಬಂದವರನ್ನು ಏಳು ಮೀಟರಿನಲ್ಲಿ ನಿಲ್ಲಿಸಿ, ಹೋಲ್‌ಸ್ಟರಿನಿಂದ ತೆಗೆದು ಆರು ಗುಂಡನ್ನು ತಟ್ಟೆಯಗಲದ ಗುರಿಯೊಳಗೆ ಇಡಲು ಹೇಳಬೇಕು. ಇಡಲಾಗದವರಿಗೆ ಆರು ತಿಂಗಳ ಗಡುವು ಕೊಟ್ಟು, ಅಷ್ಟರಲ್ಲೂ ಕಲಿಯದಿದ್ದರೆ ಲೈಸೆನ್ಸನ್ನು ತಡೆಹಿಡಿಯಬೇಕು.